ಮಾತ್ರೆ ಬಿಟ್ಟು ಯೋಗ ಮಾಡು ಅಂತಾರೆ, ಏನು ಮಾಡಲಿ?

ಪ್ರಶ್ನೆ: ನನಗೆ 46 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ. ಎದೆ ಡವಡವ ಅನ್ನುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಸಣ್ಣಪುಟ್ಟದ್ದಕ್ಕೂ ಮಕ್ಕಳ ಮೇಲೆ ರೇಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ಮನೋವೈದ್ಯರು ಖಿನ್ನತೆಗೆ, ಗಾಬರಿಗೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ 10 ಮಿಲಿಗ್ರಾಂ ಕೊಟ್ಟು ಎರಡು ತಿಂಗಳಾಯಿತು. ಈಗ ಸ್ವಲ್ಪ ಪರವಾಗಿಲ್ಲ. ಆದರೆ ನಮ್ಮ ಯಜಮಾನರು, ನಾದಿನಿ ಎಲ್ಲರೂ "ಮಾತ್ರೆ ಚಟ ಆಗುತ್ತೆ, ಬಿಟ್ಟುಬಿಡು, ಯೋಗ ಮಾಡು, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಹಾಗಾಗಿ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು ಯೂಟ್ಯೂಬ್ ನೋಡಿಕೊಂಡು ಸೂರ್ಯನಮಸ್ಕಾರ, ಕಪಾಲಭಾತಿ ಮಾಡುತ್ತಿದ್ದೇನೆ. ಕಪಾಲಭಾತಿ ಮಾಡಿದ ದಿನ ಎದೆಬಡಿತ ಇನ್ನೂ ಜಾಸ್ತಿ. ಶವಾಸನದಲ್ಲಿ ಕಣ್ಣು ಮುಚ್ಚಿದರೆ ಏನೋ ಭಯ. ಎಲ್ಲರಿಗೂ ನೆಮ್ಮದಿ ಕೊಡುವ ಯೋಗ ನನಗೆ ಮಾತ್ರ ಯಾಕೆ ಹೀಗೆ? ನನ್ನಲ್ಲೇ ಏನಾದರೂ ಕೊರತೆಯಾ? ಮಾತ್ರೆ ಬಿಡಬಹುದಾ? ಮುಟ್ಟಿನ ದಿನಗಳಲ್ಲಿ ಯೋಗ ಮಾಡಬಹುದಾ?

ಉತ್ತರ: ಮೊದಲು ಮಾತ್ರೆ ವಿಷಯ ಹೇಳಿಬಿಡುತ್ತೇನೆ. ಯಾರು ಏನೇ ಹೇಳಿದರೂ ನೀವಾಗಿಯೇ ಅದನ್ನು ನಿಲ್ಲಿಸಬೇಡಿ. ಒಂದು ದಿನ ತಗೊಂಡು ಒಂದು ದಿನ ಬಿಡುವುದೂ ಬೇಡ. ನಿಮ್ಮ ಯಜಮಾನರಿಗೂ ಈ ಭಾಗ ಓದಲು ಕೊಡಿ.

ಎಸಿಟಾಲೋಪ್ರಾಮ್ ಚಟ ಹಿಡಿಸುವ ಮಾತ್ರೆ ಅಲ್ಲ. ತಗೊಂಡವರಿಗೆ ಇನ್ನಷ್ಟು ಬೇಕು ಅನ್ನಿಸುವುದಿಲ್ಲ, ದಿನ ಕಳೆದಂತೆ ಡೋಸ್ ಏರಿಸುತ್ತಲೇ ಹೋಗಬೇಕಾಗುವುದಿಲ್ಲ. ಚಟದ ಭಯ ಇಟ್ಟುಕೊಳ್ಳಬೇಕಾದದ್ದು ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ತರಹದ ಮಾತ್ರೆಗಳ ಬಗ್ಗೆ. ಶುರುವಿನ ಕೆಲವು ವಾರ ನಿದ್ದೆಗೆ, ಗಾಬರಿಗೆ ಅಂತ ಇವನ್ನೂ ಜೊತೆಗೆ ಬರೆದುಕೊಡುವುದುಂಟು. ಎರಡೂ ಒಂದೇ ಚೀಟಿಯಲ್ಲಿ ಇರುವುದರಿಂದ ಜನ ಎರಡನ್ನೂ "ನಿದ್ದೆ ಮಾತ್ರೆ" ಅಂತ ಒಂದೇ ಲೆಕ್ಕಕ್ಕೆ ಸೇರಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಅಂಥದ್ದು ಇದೆಯಾ ನೋಡಿ. ಇದ್ದರೆ ಅದನ್ನು ಎಷ್ಟು ದಿನ, ಹೇಗೆ ಕಡಿಮೆ ಮಾಡಬೇಕು ಅಂತ ವೈದ್ಯರನ್ನು ಕೇಳಿ. ಅದನ್ನೂ ಒಮ್ಮೆಲೇ ಬಿಡುವಂತಿಲ್ಲ.

ಎಸಿಟಾಲೋಪ್ರಾಮ್ ತಟ್ಟನೆ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಸಿಡಿಮಿಡಿ, ಕೆಟ್ಟ ಕನಸು ಶುರುವಾಗುತ್ತದೆ. ಆಗ ಮನೆಯವರು "ನೋಡು, ಚಟ ಆಗಿದೆ ಅಂತ ಹೇಳಲಿಲ್ವಾ" ಅನ್ನುತ್ತಾರೆ. ಅದು ಚಟ ಅಲ್ಲ, ಮಾತ್ರೆಗೆ ಹೊಂದಿಕೊಂಡಿದ್ದ ಮಿದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುವ ಕಷ್ಟ. ನಿಧಾನಕ್ಕೆ ಡೋಸ್ ಇಳಿಸಿದರೆ ಇದು ಬಹುಪಾಲು ತಪ್ಪುತ್ತದೆ. ಈ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಆರರಿಂದ ಎಂಟು ವಾರ. ಅಂದರೆ ನೀವು ಈಗಷ್ಟೇ ಅದರ ಫಲ ಸಿಗುವ ಜಾಗಕ್ಕೆ ಬಂದಿದ್ದೀರಿ. ಚೆನ್ನಾಗಿ ಅನ್ನಿಸಿದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ಆಮೇಲೆ ಇಳಿಸುವುದು ಪದ್ಧತಿ. ಬೇಗ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ.

ನಿಮಗೆ ಯಾರೂ ಹೇಳಿರದ ಇನ್ನೊಂದು ಸಂಗತಿ ಇದೆ. ಮುಟ್ಟು ನಿಲ್ಲುವ ಕಾಲದ ಆ ಬಿಸಿ, ಬೆವರಿಗೂ ಇದೇ ಮಾತ್ರೆ ಸ್ವಲ್ಪ ಸಹಾಯ ಮಾಡುತ್ತದೆ. 2011ರಲ್ಲಿ ಅಮೆರಿಕದಲ್ಲಿ 205 ಮಹಿಳೆಯರ ಮೇಲೆ ಎಂಟು ವಾರ ಇದನ್ನು ಪರೀಕ್ಷಿಸಿದರು. ಡೋಸ್ 10ರಿಂದ 20 ಮಿಲಿಗ್ರಾಂ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರಿಗಿಂತ ಇವರಲ್ಲಿ ಹಾಟ್ ಫ್ಲಶ್, ಅಂದರೆ ಮೈಗೆ ತಟ್ಟನೆ ಬಿಸಿ ಹತ್ತುವುದು, ಕಡಿಮೆಯಾಯಿತು. ನಿಮ್ಮ ಸಣ್ಣ ಮಾತ್ರೆ ಮನಸ್ಸಿಗೂ ಮೈಗೂ ಎರಡು ಕಡೆಯಿಂದ ಕೆಲಸ ಮಾಡುತ್ತಿರಬಹುದು. ಅದನ್ನು ಬಿಟ್ಟು ರಾತ್ರಿ ಮೂರು ಗಂಟೆಯ ಬೆವರನ್ನು ವಾಪಸ್ ಕರೆಸಿಕೊಳ್ಳುವುದು ಯಾಕೆ?

ಈಗ ನಿಮ್ಮ ಮೈಯೊಳಗೆ ಏನಾಗುತ್ತಿದೆ ಅನ್ನುವುದಕ್ಕೆ ಬರೋಣ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46ರ ಆಸುಪಾಸಿನಲ್ಲಿ. ಯುರೋಪ್, ಅಮೆರಿಕದಲ್ಲಿ ಅದು 51ರ ಹತ್ತಿರ. ನಿಲ್ಲುವ ಮುಂಚಿನ ಕೆಲವು ವರ್ಷಗಳಲ್ಲಿ ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ. ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. ಮೈಯ ಬಿಸಿಯನ್ನು ನೋಡಿಕೊಳ್ಳುವ ಮಿದುಳಿನ ಭಾಗಕ್ಕೂ, ಮನಸ್ಸಿನ ಹದ ಕಾಯುವ ಸೆರೊಟೋನಿನ್‌ಗೂ ಈ ಏರಿಳಿತ ನೇರವಾಗಿ ತಟ್ಟುತ್ತದೆ. ಹಾಗಾಗಿ ಮೈಯ ಬಿಸಿ ಸ್ವಲ್ಪ ಏರಿದರೂ ಮಿದುಳು ಬೆವರು ಹರಿಸಿಬಿಡುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟ ಮರುದಿನ ತಾಳ್ಮೆ ಇರುವುದಿಲ್ಲ. ಮಕ್ಕಳ ಮೇಲೆ ರೇಗುವುದು, ಆಮೇಲೆ ಬಚ್ಚಲಲ್ಲಿ ಅಳುವುದು, ಇದು ನಿಮ್ಮ ಗುಣ ಕೆಟ್ಟದ್ದರಿಂದ ಆದದ್ದಲ್ಲ. ಬಾಣಂತನದಲ್ಲಿ ಖಿನ್ನತೆ ಬಂದಿದ್ದವರಿಗೆ, ಮುಟ್ಟಿನ ಮುಂಚಿನ ವಾರ ಪ್ರತಿ ತಿಂಗಳೂ ಮನಸ್ಸು ಕುಸಿಯುತ್ತಿದ್ದವರಿಗೆ ಈ ಕಾಲ ಇನ್ನೂ ಕಷ್ಟ. ನಿಮಗೆ ಹಾಗೆ ಆಗಿತ್ತಾ? ಆಗಿದ್ದರೆ ನಿಮ್ಮ ವೈದ್ಯರಿಗೆ ಹೇಳಿ. ಅವರು ಕೇಳದೇ ಇದ್ದರೂ ಹೇಳಿ.

ನೀವು ಒಬ್ಬರೇ ಅಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಹೆಂಗಸರಲ್ಲಿ, ಅದರಲ್ಲೂ 40ರಿಂದ 49ರ ವಯಸ್ಸಿನವರಲ್ಲಿ ಜಾಸ್ತಿ ಅಂತ ಕಂಡುಬಂತು. ಖಿನ್ನತೆ ಇದ್ದವರಲ್ಲಿ ಶೇ 80ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೀವು ವೈದ್ಯರ ಬಾಗಿಲು ತಟ್ಟಿದ್ದೀರಿ. ಅದು ದೊಡ್ಡ ಕೆಲಸ. ಆ ಬಾಗಿಲಿನಿಂದ ನಿಮ್ಮನ್ನು ವಾಪಸ್ ಎಳೆಯಲು ಯಾರಿಗೂ ಬಿಡಬೇಡಿ.

ಯೋಗಕ್ಕೆ ಮುಂಚೆ ಕೆಲವು ರಕ್ತ ಪರೀಕ್ಷೆ ಆಗಿವೆಯಾ ನೋಡಿಕೊಳ್ಳಿ: ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಸಕ್ಕರೆ. ಥೈರಾಯ್ಡ್ ಏರುಪೇರಾದರೆ ಎದೆಬಡಿತ, ಬೆವರು, ಬೇಸರ, ಸುಸ್ತು ಎಲ್ಲವೂ ಬರುತ್ತವೆ. ಇಪ್ಪತ್ತು ದಿನಕ್ಕೇ ಮುಟ್ಟಾಗಿ ಜಾಸ್ತಿ ರಕ್ತ ಹೋಗುತ್ತಿದ್ದರೆ ರಕ್ತಹೀನತೆ ಆಗಿರಬಹುದು, ರಕ್ತಹೀನತೆಯಲ್ಲಿ ಎದೆ ಹಾಗೆಯೇ ಹೊಡೆದುಕೊಳ್ಳುತ್ತದೆ. ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗುತ್ತಿದ್ದರೆ, ಏಳೆಂಟು ದಿನವಾದರೂ ನಿಲ್ಲದಿದ್ದರೆ, ಅಥವಾ ಮುಂದೆ ಹನ್ನೆರಡು ತಿಂಗಳು ನಿಂತು ಮತ್ತೆ ರಕ್ತ ಕಂಡರೆ ತಡಮಾಡದೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಬೆವರು ತೀರಾ ಕಾಡುತ್ತಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಅವರನ್ನೇ ಕೇಳಿ. ಅದು ಎಲ್ಲರಿಗೂ ಆಗಿಬರುವುದಿಲ್ಲ, ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೊಡುವುದಿಲ್ಲ. ಇಷ್ಟನ್ನು ಯಾವ ಆಸನವೂ ಸರಿಮಾಡುವುದಿಲ್ಲ.

ಹಾಗಾದರೆ ಯೋಗದಿಂದ ಏನು ಉಪಯೋಗ? ಉಪಯೋಗ ಖಂಡಿತ ಇದೆ. ನಾನು ಮನೋವೈದ್ಯೆ, ನನ್ನ ಹತ್ತಿರ ಬರುವ ಹೆಂಗಸರಲ್ಲಿ ಅನೇಕರಿಗೆ ಮಾತ್ರೆಯ ಜೊತೆ ಯೋಗವನ್ನೂ ಹೇಳುತ್ತೇನೆ. "ಜೊತೆ" ಅನ್ನುವ ಮಾತನ್ನು ಗಮನಿಸಿ. ನಿಮ್ಮದೇ ವಯಸ್ಸಿನವರ ಬಗ್ಗೆ ಬೆಂಗಳೂರಿನಲ್ಲೇ ನಡೆದ ಒಳ್ಳೆಯ ಅಧ್ಯಯನ ಒಂದಿದೆ. ಜಿಗಣಿ ಬಳಿಯ ಎಸ್-ವ್ಯಾಸ ಸಂಸ್ಥೆಯವರು ಮಾಡಿದ್ದು, 2008ರಲ್ಲಿ ಪ್ರಕಟವಾಯಿತು. 40ರಿಂದ 55 ವಯಸ್ಸಿನ 120 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಸಾದಾ ವ್ಯಾಯಾಮ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, ಎಂಟು ವಾರ. ಯೋಗದ ಗುಂಪಿನಲ್ಲಿ ಬಿಸಿ, ಬೆವರು, ನಿದ್ದೆಯ ತೊಂದರೆ, ಮನಸ್ಸಿನ ಒತ್ತಡ ಇವೆಲ್ಲ ಜಾಸ್ತಿ ಇಳಿದವು.

ಇದರ ಎದುರಿಗೆ 2014ರ ಅಮೆರಿಕದ ಅಧ್ಯಯನ ಇಡಬೇಕು. ಅಲ್ಲಿ 249 ಮಹಿಳೆಯರು, ಹನ್ನೆರಡು ವಾರ. ಯೋಗದಿಂದ ಹಾಟ್ ಫ್ಲಶ್ ಕಡಿಮೆಯಾಗಲಿಲ್ಲ. ನಿದ್ದೆ ಮಾತ್ರ ಸುಧಾರಿಸಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ನನಗೆ ಕಾಣುವುದು ಇದು: ಬೆವರಿನ ಬಗ್ಗೆ ಭರವಸೆ ಕೊಡಲು ಆಗುವುದಿಲ್ಲ, ನಿದ್ದೆಯ ಬಗ್ಗೆ ಕೊಡಬಹುದು. ನಿಮ್ಮ ಸಮಸ್ಯೆಯ ಗಂಟು ಇರುವುದೇ ನಿದ್ದೆಯಲ್ಲಿ ಅಲ್ವಾ? ಹಾಗಾಗಿ ನಿದ್ದೆಗೋಸ್ಕರ ಯೋಗ ಮಾಡಿ. ಅಷ್ಟು ಸಿಕ್ಕರೆ ಸಿಟ್ಟು, ಅಳು ಎರಡೂ ಹಿಂದೆಯೇ ಇಳಿಯುತ್ತವೆ.

ಖಿನ್ನತೆಗೆ ಯೋಗವೊಂದೇ ಸಾಕು ಅನ್ನುವವರು ನಿಮ್ಹಾನ್ಸ್‌ನ ಹಳೆಯ ಅಧ್ಯಯನವೊಂದನ್ನು ತೋರಿಸುತ್ತಾರೆ. 2000ನೇ ಇಸವಿಯದು, ಡಾ. ಬಿ.ಎನ್. ಗಂಗಾಧರ್ ಅವರೂ ಇದ್ದ ತಂಡ ಮಾಡಿದ್ದು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಜನರನ್ನು ಮೂರು ಗುಂಪು ಮಾಡಿ ಒಂದಕ್ಕೆ ಇಸಿಟಿ (ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ), ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆ ಕೊಟ್ಟರು. ನಾಲ್ಕು ವಾರದಲ್ಲಿ ಗುಣವಾದವರು ಇಸಿಟಿಯಲ್ಲಿ ಶೇ 93, ಮಾತ್ರೆಯಲ್ಲಿ ಶೇ 73, ಕ್ರಿಯೆಯಲ್ಲಿ ಶೇ 67. ಉಸಿರಾಟದ ಅಭ್ಯಾಸವೊಂದು ಮಾತ್ರೆಯ ಹತ್ತಿರಕ್ಕೆ ಬಂದದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದು ಗುಂಪಿಗೆ ಹದಿನೈದೇ ಜನ ಇದ್ದ ಚಿಕ್ಕ ಅಧ್ಯಯನ, ಆಸ್ಪತ್ರೆಯೊಳಗೆ ವೈದ್ಯರ ಕಣ್ಣೆದುರು ನಡೆದದ್ದು. ಅದನ್ನು ಹಿಡಿದುಕೊಂಡು ಮನೆಯಲ್ಲಿ ಒಬ್ಬರೇ ಮಾತ್ರೆ ಎಸೆಯುವುದಕ್ಕೆ ಯಾವ ಆಧಾರವೂ ಇಲ್ಲ. ಅದನ್ನು ಮಾಡಿದ ತಂಡ ಮಾತ್ರೆ ಬರೆಯುವುದನ್ನೇನೂ ನಿಲ್ಲಿಸಲಿಲ್ಲ.

ಇನ್ನು ನಿಮ್ಮ ಕಪಾಲಭಾತಿ. ನಿಮ್ಮಲ್ಲಿ ಕೊರತೆ ಏನೂ ಇಲ್ಲ, ಅಭ್ಯಾಸ ನಿಮಗೆ ಹೊಂದುವುದಲ್ಲ, ಅಷ್ಟೇ. ಕಪಾಲಭಾತಿ, ಭಸ್ತ್ರಿಕಾ ಇವು ಮೈಯನ್ನು ಎಬ್ಬಿಸುವ ಅಭ್ಯಾಸಗಳು. ಹೊಟ್ಟೆಯನ್ನು ಪಟಪಟ ಒಳಗೆ ತಳ್ಳಿ ಉಸಿರು ಹೊರಹಾಕುವಾಗ ಎದೆಬಡಿತ ಏರುತ್ತದೆ. ಹುಮ್ಮಸ್ಸಿನಲ್ಲಿ ಜಾಸ್ತಿ ಹೊತ್ತು ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರವಾಗುವುದು, ಬೆರಳ ತುದಿ ಜುಮುಗುಡುವುದು ಶುರುವಾಗುತ್ತದೆ. ಗಾಬರಿಯ ತೊಂದರೆ ಇಲ್ಲದವರು ಇದನ್ನು ಗಮನಿಸುವುದೂ ಇಲ್ಲ. ಆದರೆ ರಾತ್ರಿ ಮೂರಕ್ಕೆ ಡವಡವ ಅನ್ನುವ ಎದೆಗೆ ಹೆದರಿಕೊಂಡಿರುವ ಮನಸ್ಸಿಗೆ ಬೆಳಿಗ್ಗೆ ಐದಕ್ಕೆ ಅದೇ ಡವಡವ ಕೇಳಿಸಿದರೆ? ಮತ್ತೆ ಬಂತು ಅಂತಲೇ ಅಂದುಕೊಳ್ಳುತ್ತದೆ. ಗಾಬರಿ ಗಾಬರಿಯನ್ನೇ ಬೆಳೆಸುತ್ತದೆ. ಸದ್ಯಕ್ಕೆ ಎರಡನ್ನೂ ಪೂರ್ತಿ ಬಿಡಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆ ನಿಮ್ಮ ವಯಸ್ಸಿನ ಅನೇಕರಿಗೆ ಇರುತ್ತದೆ, ನಾಚಿಕೊಂಡು ಯಾರೂ ಹೇಳುವುದಿಲ್ಲ. ಅದಿದ್ದವರೂ ಕಪಾಲಭಾತಿ ಮಾಡಬಾರದು, ಕೆಳಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ.

ಒಂದು ಮಾತು ಇಲ್ಲಿ ಸೇರಿಸಬೇಕು ಅನ್ನಿಸುತ್ತದೆ. ಇವತ್ತು ಪರದೆಯ ಮೇಲೆ ಕಾಣುವ ಹರಿದಾಡುವ, ನೆಗೆಯುವ ಆಸನಗಳ ಸರಣಿಗಳಿಗೆ ದೊಡ್ಡ ಬೇರು ನಮ್ಮ ಮೈಸೂರಿನಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಪಾಠ ಹೇಳುತ್ತಿದ್ದರು. ಅಲ್ಲಿ ಕಲಿಯುತ್ತಿದ್ದವರು ಬಹುಪಾಲು ಹುಡುಗರು. ಆ ದಶಕದ ಕೊನೆಗೆ ಇಂದ್ರಾ ದೇವಿ ಅನ್ನುವ ವಿದೇಶಿ ಹೆಣ್ಣುಮಗಳು ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ, ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಬಲಿಷ್ಠ ಹುಡುಗರ ಮೈಗೆ ಹೊಂದಿಸಿ ಕಟ್ಟಿದ ಸರಣಿಯನ್ನು, ನಿದ್ದೆಯಿಲ್ಲದ 46ರ ಹೆಂಗಸು ಮಾಡಲಾಗದೆ ತನ್ನನ್ನೇ ಬೈದುಕೊಳ್ಳುವುದು ನ್ಯಾಯವಾ? ಅದೇ ಪರಂಪರೆಯಲ್ಲಿ ಆಮೇಲೆ ದಿಂಬು, ಕುರ್ಚಿ, ಬೆಲ್ಟ್ ಇಟ್ಟುಕೊಂಡು ಮಾಡುವ ದಾರಿ ತೋರಿಸಿದವರೂ ನಮ್ಮವರೇ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಅವರ ಮಗಳು ಗೀತಾ ಅಯ್ಯಂಗಾರ್ ಹೆಂಗಸರ ಮುಟ್ಟು, ಬಸಿರು, ಮುಟ್ಟು ನಿಲ್ಲುವ ಕಾಲ ಇವಕ್ಕೆ ಹೊಂದುವ ಅಭ್ಯಾಸಗಳನ್ನು ಹೇಳಿಕೊಡುತ್ತಲೇ ಜೀವನ ಕಳೆದರು. ನಿಮಗೆ ಬೇಕಾದದ್ದು ಆ ದಿಂಬಿನ ದಾರಿ.

ಮೊದಲ ಬದಲಾವಣೆ: ನಾಲ್ಕೂಮುಕ್ಕಾಲಿಗೆ ಏಳುವುದನ್ನು ನಿಲ್ಲಿಸಿ. ಮೂರಕ್ಕೆ ಎಚ್ಚರವಾಗಿ ನಾಲ್ಕಕ್ಕೆ ಕಣ್ಣು ಹತ್ತಿದವರು ಮುಕ್ಕಾಲು ಗಂಟೆಯಲ್ಲಿ ಎದ್ದು ಯೋಗ ಮಾಡಿದರೆ ಅದು ಔಷಧಿ ಅಲ್ಲ, ಇನ್ನೊಂದು ಪೆಟ್ಟು. ಬ್ರಾಹ್ಮಿ ಮುಹೂರ್ತ ನಿದ್ದೆ ತುಂಬಿದವರಿಗೆ. ನಿಮಗೆ ಸಂಜೆ ಒಳ್ಳೆಯದು. ಶಾಲೆಯಿಂದ ಬಂದು ಕೈಕಾಲು ಮುಖ ತೊಳೆದು, ಒಲೆ ಹಚ್ಚುವ ಮುಂಚೆ ಇಪ್ಪತ್ತು ನಿಮಿಷ. ಮಧ್ಯಾಹ್ನದ ಊಟವಾಗಿ ಮೂರು ಗಂಟೆ ಕಳೆದಿದ್ದರೆ ಸಾಕು. ಸಂಜೆ ನಾಲ್ಕರ ನಂತರದ ಕಾಫಿಯನ್ನೂ ನಿಲ್ಲಿಸಿ. ಹಾಸನದ ಕಡೆ ಇದು ಸುಲಭದ ಮಾತಲ್ಲ ಅಂತ ಗೊತ್ತು, ಆದರೆ ಎದೆಬಡಿತ, ಬೆವರು, ನಿದ್ದೆ ಮೂರಕ್ಕೂ ಕಾಫಿ ಆಗುವುದಿಲ್ಲ.

ಚಾಪೆ ಹಾಸಿ ಮೊದಲು ಸುಮ್ನೆ ನಿಂತುಕೊಳ್ಳಿ, ಬೆನ್ನು ಗೋಡೆಗೆ ಒರಗಿಸಿ. ಹಿಮ್ಮಡಿ ನೆಲಕ್ಕೆ ಎಷ್ಟು ಒತ್ತುತ್ತಿದೆ ನೋಡಿ. ಉಸಿರು ಎಳೆಯುತ್ತಾ ಕೈ ಮೇಲೆ, ಬಿಡುತ್ತಾ ಕೆಳಗೆ, ಆರೇಳು ಸಲ. ಆಮೇಲೆ ಮಂಡಿ, ಅಂಗೈ ಊರಿ ಮಾರ್ಜಾಲಾಸನ. ಉಸಿರು ಬಿಡುವಾಗ ಬೆನ್ನು ಮೇಲಕ್ಕೆ ಬಾಗಲಿ, ಎಳೆಯುವಾಗ ಕೆಳಕ್ಕೆ ಇಳಿಯಲಿ. ಮಂಡಿ ನೋವಿದ್ದರೆ ಕೆಳಗೆ ಕಂಬಳಿ ಮಡಚಿ ಹಾಕಿಕೊಳ್ಳಿ. ನಂತರ ಮಲಗಿ ಸೇತುಬಂಧ, ಸೊಂಟದ ಕೆಳಗೆ ಗಟ್ಟಿ ದಿಂಬು ಇಟ್ಟು ಅದರ ಮೇಲೇ ಭಾರ ಬಿಡಿ, ಎತ್ತಿ ಹಿಡಿಯುವ ಶ್ರಮ ಬೇಡ. ಆಮೇಲೆ ಗೋಡೆಗೆ ಕಾಲು ಚಾಚಿ ಐದು ನಿಮಿಷ. ಇಡೀ ದಿನ ಬೋರ್ಡ್ ಮುಂದೆ ನಿಂತ ಕಾಲುಗಳಿಗೆ ಇದರಷ್ಟು ಸುಖ ಇನ್ನೊಂದಿಲ್ಲ. ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಗೋಡೆಯದು ಬೇಡ, ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಮಲಗಿ. ಮೂಳೆ ಸವೆತ ಅಂತ ಹೇಳಿದ್ದರೆ ಬೆನ್ನು ಗುಂಡಗೆ ಮಾಡಿ ಪೂರ್ತಿ ಮುಂದಕ್ಕೆ ಬಾಗುವ ಆಸನಗಳನ್ನು ಬಿಡಿ, ಮಾರ್ಜಾಲಾಸನದಲ್ಲೂ ಬೆನ್ನನ್ನು ಮೇಲಕ್ಕೆ ಬಾಗಿಸಬೇಡಿ.

ಈಗ ಉಸಿರು, ನಿಮ್ಮ ಮಟ್ಟಿಗೆ ಇದೇ ಮುಖ್ಯ. ಕುರ್ಚಿಯ ಮೇಲೆ ಕೂತರೂ ನಡೆಯುತ್ತದೆ. ಒಂದು ಕೈ ಹೊಕ್ಕುಳ ಮೇಲೆ ಇಡಿ. ಮೂಗಿನಿಂದ ಉಸಿರು ಎಳೆಯುತ್ತಾ ಮನಸ್ಸಿನಲ್ಲಿ ನಾಲ್ಕು ಎಣಿಸಿ, ಬಿಡುತ್ತಾ ಆರು ಎಣಿಸಿ. ಕೈ ಕೆಳಗಿನ ಹೊಟ್ಟೆ ನಿಧಾನ ಉಬ್ಬಿ ಇಳಿಯಲಿ. ಉಸಿರು ಹಿಡಿಯುವುದು ಬೇಡ, ಕುಂಭಕ ನಿಮಗೆ ಈಗ ಬೇಕಿಲ್ಲ. ಹೀಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರಿನ ಹತ್ತಿರ ಬರುತ್ತೀರಿ. ಉಸಿರು ಬಿಡುವ ಹೊತ್ತು ಉದ್ದವಾದಾಗ ಹೃದಯವನ್ನು ನಿಧಾನ ಮಾಡುವ ವೇಗಸ್ ನರದ ಕೆಲಸ ಹೆಚ್ಚಿ ಹೃದಯದ ವೇಗ ಇಳಿಯುತ್ತದೆ. ಎಣಿಕೆ ಕಷ್ಟವಾದರೆ ಮೂರು–ನಾಲ್ಕು ಮಾಡಿ. ಉಸಿರು ಸಾಲದು ಅನ್ನಿಸಿದ ಕೂಡಲೇ ಮಾಮೂಲಿ ಉಸಿರಿಗೆ ಬನ್ನಿ. ಇದು ಒಗ್ಗಿದ ಮೇಲೆ ಮೂಗಿನ ಒಂದೊಂದೇ ಹೊಳ್ಳೆಯಿಂದ ಉಸಿರಾಡುವ ನಾಡಿಶುದ್ಧಿ, ಆಮೇಲೆ ಭ್ರಾಮರಿ ಸೇರಿಸಿಕೊಳ್ಳಿ. ಭ್ರಾಮರಿಯಲ್ಲಿ ಕಿವಿ ಮುಚ್ಚಲೇಬೇಕು ಅಂತ ಇಲ್ಲ, ಮೆಲ್ಲಗೆ ಝೇಂಕಾರ ಮಾಡುತ್ತಾ ತುಟಿ, ಮೂಗು ಕಂಪಿಸುವುದನ್ನು ಗಮನಿಸಿದರೆ ಸಾಕು.

ಶವಾಸನದಲ್ಲಿ ಕಣ್ಣು ಮುಚ್ಚಿದರೆ ಭಯ ಅಂದಿರಿ. ಮುಚ್ಚಬೇಡಿ. ಕಣ್ಣು ಅರ್ಧ ತೆರೆದು ಜಂತಿಯನ್ನೋ ಫ್ಯಾನನ್ನೋ ನೋಡುತ್ತಿರಿ. ಅಂಗಾತ ಮಲಗಲು ಆಗದಿದ್ದರೆ ಎಡಮಗ್ಗುಲಿಗೆ ಮಲಗಿ, ಮಂಡಿಗಳ ನಡುವೆ ದಿಂಬು ಇಡಿ, ಬೆನ್ನು ಗೋಡೆಗೆ ತಾಗಲಿ. ಹಿಂದೆ ಏನೋ ಇದೆ ಅನ್ನುವ ಅಂಜಿಕೆ ಇದ್ದವರಿಗೆ ಆ ಗೋಡೆ ಧೈರ್ಯ ಕೊಡುತ್ತದೆ. ಇಡೀ ದಿನ ಕೆಲಸದ ಗಲಾಟೆಯಲ್ಲಿ ದೂರ ತಳ್ಳಿದ ಯೋಚನೆಗಳು ಮೈ ಸುಮ್ಮನಾದಾಗ ಮೇಲೆ ಬರುವುದು ಸಹಜ. ಕೆಲವರಿಗೆ ಮಾತ್ರ ಹಳೆಯ ಗಾಯ ಇರುತ್ತದೆ. ಬಾಲ್ಯದಲ್ಲೋ ಮದುವೆಯಲ್ಲೋ ಮೈಯ ಮೇಲೆ ನಡೆದ ದೌರ್ಜನ್ಯ ಕಣ್ಣು ಮುಚ್ಚಿದ ಕತ್ತಲಲ್ಲಿ ಎದ್ದು ಬರುತ್ತದೆ. ನಿಮಗೆ ಹಾಗೆ ಇದೆ ಅಂತ ನಾನು ಹೇಳುತ್ತಿಲ್ಲ. ಇದ್ದರೆ, ಅದನ್ನು ಒಬ್ಬರೇ ಚಾಪೆಯ ಮೇಲೆ ಎದುರಿಸಬೇಕಾಗಿಲ್ಲ, ನಿಮ್ಮ ವೈದ್ಯರಿಗೆ ಅಥವಾ ಆಪ್ತಸಲಹೆಗಾರರಿಗೆ ಹೇಳಿ. ಅಂಥವರಿಗೂ ಯೋಗದಿಂದ ಲಾಭ ಇದೆ. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಮಾನಸಿಕ ಆಘಾತದ ಕಾಯಿಲೆ ಇದ್ದ 64 ಮಹಿಳೆಯರಲ್ಲಿ ಒಂದು ಗುಂಪು ಹತ್ತು ವಾರ ಯೋಗ ಮಾಡಿತು, ಇನ್ನೊಂದು ಆರೋಗ್ಯದ ಪಾಠ ಕೇಳಿತು. ಕೊನೆಗೆ ಯೋಗದ ಗುಂಪಿನ ಅರ್ಧಕ್ಕೂ ಹೆಚ್ಚು ಜನರಲ್ಲಿ ಆ ಕಾಯಿಲೆಯ ಲಕ್ಷಣ ರೋಗವೆನ್ನುವ ಮಟ್ಟದಿಂದ ಇಳಿದಿತ್ತು. ಪಾಠದ ಗುಂಪಿನಲ್ಲಿ ಐದರಲ್ಲಿ ಒಬ್ಬರು. ಆದರೆ ಆ ಯೋಗದಲ್ಲಿ ಯಾರೂ ಹೇರುವುದಿಲ್ಲ. ಕಣ್ಣು ಮುಚ್ಚುವುದು, ಆಸನ ಬಿಡುವುದು ಎಲ್ಲ ಮಾಡುವವರ ಇಷ್ಟ. ಶಿಕ್ಷಕರು ಮುಟ್ಟಿ ತಿದ್ದುವುದಿಲ್ಲ. ನೀವು ತರಗತಿಗೆ ಸೇರಿದರೂ "ದಯವಿಟ್ಟು ಮುಟ್ಟಬೇಡಿ, ಬಾಯಲ್ಲಿ ಹೇಳಿ" ಅನ್ನುವ ಹಕ್ಕು ನಿಮಗಿದೆ. ಅದಕ್ಕೆ ಬೇಜಾರು ಮಾಡಿಕೊಳ್ಳುವ ಗುರು ನಿಮಗೆ ಬೇಡ.

ರಾತ್ರಿ ಮೂರಕ್ಕೆ ಎಚ್ಚರವಾದಾಗ ಮೊಬೈಲ್ ಮುಟ್ಟಬೇಡಿ, ಗಡಿಯಾರವನ್ನೂ ನೋಡಬೇಡಿ. ಬೆವರು ಒರೆಸಿ, ಹತ್ತಿಯ ನೈಟಿ ಒಂದು ಪಕ್ಕದಲ್ಲೇ ಇಟ್ಟುಕೊಂಡಿದ್ದು ಬದಲಿಸಿ. ನಾಲ್ಕು–ಆರರ ಉಸಿರು ಮಾಡಿ. ಇಪ್ಪತ್ತು ನಿಮಿಷದಷ್ಟು ಹೊತ್ತಾದರೂ ನಿದ್ದೆ ಬರದಿದ್ದರೆ ಎದ್ದು ಹೊರಗೆ ಹಾಲ್‌ನಲ್ಲಿ ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ.

ಮುಟ್ಟಿನ ದಿನ ಯೋಗ ಮಾಡಿದರೆ ಕೆಡುಕಾಗುತ್ತದೆ ಅನ್ನಲು ಗಟ್ಟಿ ಪುರಾವೆ ಯಾವುದೂ ಇಲ್ಲ. ಜಾಸ್ತಿ ರಕ್ತ ಹೋಗುವ ದಿನ ಆಸನ ಬಿಟ್ಟು ಉಸಿರು, ವಿಶ್ರಾಂತಿ ಮಾತ್ರ ಮಾಡಿ. ತಲೆಕೆಳಗಾಗುವ ಆಸನಗಳನ್ನು ಆ ದಿನಗಳಲ್ಲಿ ಬಿಡುವುದು ರೂಢಿ, ನಿಮಗೂ ಹಿತ ಅನ್ನಿಸದಿದ್ದರೆ ಬಿಡಿ. ಮೈಲಿಗೆ ಅನ್ನುವ ಕಾರಣಕ್ಕೆ ಮಾತ್ರ ಬಿಡಬೇಡಿ. ಮನಸ್ಸು ಹೆಚ್ಚು ಕುಸಿಯುವ ದಿನಗಳಲ್ಲೇ ಆಸರೆಯನ್ನು ಕಿತ್ತುಕೊಳ್ಳುವುದರಲ್ಲಿ ಅರ್ಥ ಇಲ್ಲ.

ಈಗ ನಿಮ್ಮ ಮನೆಯವರ ಮಾತಿಗೆ. "ಯೋಗ ಮಾಡು" ಅನ್ನುವುದು ಎಷ್ಟೋ ಮನೆಗಳಲ್ಲಿ ಮಾತು ಮುಗಿಸುವ ದಾರಿ ಆಗಿದೆ, ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಹೆಂಗಸು ನಿದ್ದೆ ಇಲ್ಲ ಅನ್ನುತ್ತಾಳೆ, ಯೋಗ ಮಾಡು. ಅಳು ಬರುತ್ತೆ ಅನ್ನುತ್ತಾಳೆ, ಯೋಗ ಮಾಡು. ಅವಳು ಚಾಪೆ ಹಾಸಿದ ಇಪ್ಪತ್ತು ನಿಮಿಷ ಕುಕ್ಕರ್ ಯಾರು ಇಡುತ್ತಾರೆ, ಅತ್ತೆಯ ಔಷಧಿ ಯಾರು ಕೊಡುತ್ತಾರೆ, ಅದನ್ನು ಯಾರೂ ಹೇಳುವುದಿಲ್ಲ. ಯೋಗವೂ ಅವಳ ದಿನದ ಕೆಲಸಗಳ ಸಾಲಿಗೆ ಇನ್ನೊಂದು ಸೇರಿ, ಮಾಡದಿದ್ದರೆ ತಪ್ಪಿತಸ್ಥ ಭಾವ ಬೇರೆ. ಯೋಗದಿಂದ ಹೆಂಗಸಿಗೆ ಸಿಗುವ ನೆಮ್ಮದಿಯಲ್ಲಿ ದೊಡ್ಡ ಪಾಲು, ಯಾರೂ ಕರೆಯದ, ಏನೂ ಕೇಳದ ಆ ಸ್ವಲ್ಪ ಹೊತ್ತಿನದು ಅಂತ ನನ್ನ ನಂಬಿಕೆ. ಆ ಹೊತ್ತು ಸಿಗದೆ ಆಸನ ಮಾತ್ರ ಮಾಡಿದರೆ ಮೈ ಬಗ್ಗುತ್ತದೆ, ಅಷ್ಟೇ. ಹಾಗಾಗಿ ಯಜಮಾನರಿಗೆ ನೇರವಾಗಿ ಹೇಳಿ: ನಾನು ಯೋಗ ಮಾಡಬೇಕು ಅಂತ ನಿಮಗೂ ಆಸೆ ಇದ್ದರೆ ಸಂಜೆ ಐದರಿಂದ ಐದೂವರೆ ತನಕ ಅಡುಗೆಮನೆ ನಿಮ್ಮದು. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಮಾತ್ರೆಯ ಭಯ ವೈದ್ಯರ ಬಾಯಿಂದಲೇ ಹೋಗಲಿ.

ಸಾಧ್ಯವಾದರೆ ಒಬ್ಬರೇ ಮಾಡಬೇಡಿ. ಶಾಲೆಯಲ್ಲಿ ಇಬ್ಬರು ಟೀಚರ್‌ಗಳು ಸೇರಿಕೊಂಡರೂ ಆಯಿತು, ಸಂಜೆ ಗಂಟೆ ಹೊಡೆದ ಮೇಲೆ ಒಂದು ಕೊಠಡಿಯಲ್ಲಿ ಚಾಪೆ ಹಾಸಬಹುದು. ನಿಮ್ಮ ವಯಸ್ಸಿನವರೇ ಆದರೆ ಬೆವರಿನ ಮಾತು, ಮುಟ್ಟಿನ ಮಾತು ತಾನಾಗಿ ಬರುತ್ತದೆ. ಪಕ್ಕದಲ್ಲಿ ಆಯುಷ್ ಆಸ್ಪತ್ರೆ ಇದ್ದರೆ ಅಲ್ಲಿ ಯೋಗ ಹೇಳಿಕೊಡುವವರು ಇದ್ದಾರಾ ವಿಚಾರಿಸಿ. ಹೋದ ಮೊದಲ ದಿನವೇ ನಿಮ್ಮ ಮಾತ್ರೆ, ಎದೆಬಡಿತ, ಭಯ ಎಲ್ಲ ಹೇಳಿ. ಕೇಳಿಸಿಕೊಂಡು "ಮಾತ್ರೆ ಬಿಟ್ಟುಬಿಡಿ" ಅನ್ನುವವರು ಸಿಕ್ಕರೆ ಬೇರೆಯವರನ್ನು ಹುಡುಕಿ.

ಕೆಲವು ಸಂದರ್ಭದಲ್ಲಿ ಯೋಗಕ್ಕೆ ಕಾಯಲೇಬಾರದು. ಬದುಕುವುದೇ ಬೇಡ ಅನ್ನಿಸಿದರೆ, ಊಟ ಸೇರದೆ ದಿನ ಕಳೆದರೆ, ಹಾಸಿಗೆಯಿಂದ ಏಳಲಾಗದಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ನಿದ್ದೆ ಇಲ್ಲದೆಯೂ ವಿಪರೀತ ಹುರುಪು, ನಿಲ್ಲದ ಮಾತು, ಯಾರೋ ಮಾತಾಡಿದಂತೆ ಕೇಳಿಸುವುದು ಇವೆಲ್ಲ ಶುರುವಾದರೆ ವೇಗದ ಪ್ರಾಣಾಯಾಮ, ಗಂಟೆಗಟ್ಟಲೆ ಧ್ಯಾನ ಎರಡೂ ಅಪಾಯ. ತಕ್ಷಣಕ್ಕೆ ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಮೂರು ಗಂಟೆಗೂ ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಹೊಡೆತ ಬಡಿತ ಇರುವ ಹೆಂಗಸರು ಇದನ್ನು ಓದುತ್ತಿದ್ದರೆ, ನಿಮಗೆ ಮೊದಲು ಬೇಕಾದದ್ದು ಪ್ರಾಣಾಯಾಮ ಅಲ್ಲ, 181 ಮಹಿಳಾ ಸಹಾಯವಾಣಿ. ಜಿಲ್ಲಾ ಕೇಂದ್ರಕ್ಕೆ ಹೋಗಲು ಕಷ್ಟ ಅನ್ನುವವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವತ್ತು ಅಂತ ಕೇಳಿ, ಸಾಮಾನ್ಯವಾಗಿ ಮಂಗಳವಾರ ಮನೋವೈದ್ಯರು ಬರುತ್ತಾರೆ.

ಒಂದು ಚಿಕ್ಕ ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಬೆವರು ಬಂತಾ, ಮುಟ್ಟು ಯಾವ ದಿನ, ಯೋಗ ಮಾಡಿದಿರಾ ಇಲ್ಲವಾ, ದಿನಕ್ಕೆ ಒಂದು ಸಾಲು ಸಾಕು. ಎಂಟು ವಾರ ಆದ ಮೇಲೆ ಅದನ್ನು ನಿಮ್ಮ ವೈದ್ಯರ ಮುಂದೆ ಇಡಿ. ಮಾತ್ರೆಯನ್ನು ಯಾವಾಗ, ಎಷ್ಟೆಷ್ಟು ಇಳಿಸಬಹುದು ಅಂತ ಕೇಳುವುದಾದರೆ ಆ ಪುಟಗಳನ್ನು ತೋರಿಸಿ ಕೇಳಿ.